ಅಕ್ಕನಿಗೆ ಸರ್ಕಾರಿ ಶಾಲೆ, ತಮ್ಮನಿಗೆ ಕಾನ್ವೆಂಟು

ಮೇಡಂ, ನಮ್ಮದು ತಿಪಟೂರು ತಾಲ್ಲೂಕಿನ ಒಂದು ಸಣ್ಣ ಊರು. ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿದ್ದಾಳೆ. ಮಗನಿಗೆ ನಾಲ್ಕು ವರ್ಷ ತುಂಬುತ್ತಿದೆ. ಅವನನ್ನು ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗೆ ಎಲ್‌ಕೆಜಿಗೆ ಸೇರಿಸಬೇಕೆಂದು ಯಜಮಾನರೂ ಅತ್ತೆಯೂ ತೀರ್ಮಾನ ಮಾಡಿದ್ದಾರೆ. ಫೀಸು, ವ್ಯಾನು, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ 40,000 ರೂಪಾಯಿ ದಾಟುತ್ತದೆ. ಸಂಘದಲ್ಲಿ ಸಾಲ ಎತ್ತಬೇಕು.

ನನ್ನ ಸಂಕಟ ಏನೆಂದರೆ, ನಮ್ಮೂರ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷೆ ನಾನೇ. ಶಾಲೆಯಲ್ಲಿ ಇರುವುದು 23 ಮಕ್ಕಳು, ಇಬ್ಬರು ಮೇಷ್ಟ್ರು. ಹೋದ ವರ್ಷ ಮನೆಮನೆಗೆ ಹೋಗಿ ‘ನಮ್ಮ ಶಾಲೆಗೇ ಸೇರಿಸಿ’ ಎಂದು ಕೇಳಿಕೊಂಡವಳು ನಾನು. ಈಗ ನನ್ನ ಮಗನೇ ವ್ಯಾನ್ ಹತ್ತಿದರೆ ಯಾವ ಮುಖ ಇಟ್ಟುಕೊಂಡು ಮೀಟಿಂಗಿಗೆ ಹೋಗಲಿ? ನಮ್ಮಣ್ಣ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಖಾಸಗಿ ಶಾಲೆಗಳೇ ಸಮಾಜವನ್ನು ಒಡೆದದ್ದು, ನೀನೂ ಅದಕ್ಕೆ ಕೈ ಜೋಡಿಸುತ್ತೀಯಾ ಎಂದು ಬೈದರು. ಮಗಳು ಮೊನ್ನೆ ‘ಹಂಗಾದ್ರೆ ನಾನು?’ ಎಂದಳು. ನೀನು ಇಲ್ಲೇ ಚೆನ್ನಾಗಿ ಓದ್ತಿದ್ದೀಯಲ್ಲ ಅಂತ ಸಮಾಧಾನ ಮಾಡಿದೆ. ಖಾಸಗಿ ಶಾಲೆಗೆ ಕಳಿಸುವುದು ತಪ್ಪಾ ಮೇಡಂ?

– ಹೆಸರು ಬೇಡ

ತಂಗಿ, ದುಡ್ಡಿಗೆ ತಕ್ಕ ಶಾಲೆ ಎಂಬ ಈ ಏರ್ಪಾಡು ಸಮಾಜಕ್ಕೆ ಕೆಡುಕು ಮಾಡಿದೆ ಎಂಬುದು ನಿಜ. ಆ ವಿಷಯದಲ್ಲಿ ನಿಮ್ಮಣ್ಣನ ಮಾತಿಗೆ ನನ್ನ ಒಪ್ಪಿಗೆ ಇದೆ. ಹಾಗೆಂದು ಅದರ ಪಾಪವನ್ನೆಲ್ಲ ಬ್ಲೌಸ್ ಹೊಲಿದು ಫೀಸು ಕಟ್ಟಲು ಹೊರಟ ತಾಯಿಯ ತಲೆಗೆ ಕಟ್ಟುವುದು ಅನ್ಯಾಯ. ಈ ಎರಡನ್ನೂ ಆಮೇಲೆ ಮಾತಾಡೋಣ. ನಿಮ್ಮ ಪತ್ರ ಓದಿದ ಮೇಲೆ ನನ್ನನ್ನು ಬಿಡದೆ ಕಾಡಿದ್ದು ನಿಮ್ಮ ಮಗಳು ಕೇಳಿದ ಮಾತು.

‘ಹಂಗಾದ್ರೆ ನಾನು?’ ಒಂಬತ್ತು ವರ್ಷದ ಹುಡುಗಿ ಕೇಳಿದ ಈ ಪ್ರಶ್ನೆಗೆ ನೀವು ಕೊಟ್ಟದ್ದು ಸಮಾಧಾನ, ಉತ್ತರ ಕೊಡಲಿಲ್ಲ. ಸಮಾನತೆ ಎಂದರೆ ನಾವು ದೊಡ್ಡಮನೆ ಮಕ್ಕಳು, ಕೂಲಿಯವರ ಮಕ್ಕಳು ಎಂದು ಯೋಚಿಸುತ್ತೇವೆ. ಎಷ್ಟೋ ಮನೆಗಳಲ್ಲಿ ಆ ಗೆರೆ ಅಣ್ಣ ತಂಗಿ, ಅಕ್ಕ ತಮ್ಮಂದಿರ ನಡುವೆಯೇ ಬೀಳುತ್ತದೆ. ಕೈಯಲ್ಲಿ ಒಬ್ಬರ ಫೀಸಿಗೆ ಆಗುವಷ್ಟೇ ಕಾಸಿದ್ದಾಗ ವ್ಯಾನ್ ಹತ್ತುವುದು ಹೆಚ್ಚಾಗಿ ಗಂಡುಮಗುವೇ. ದೇಶದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಇದು ವರ್ಷ ವರ್ಷವೂ ಕಾಣುತ್ತ ಬಂದಿದೆ. ಅಕ್ಕನಿಗೆ ಬೇಡವಾದ ಸಾಲ ತಮ್ಮನಿಗೆ ಬೇಕು ಎಂದು ಮನೆ ತೀರ್ಮಾನಿಸಿದರೆ ಅವಳು ಅದನ್ನು ಬಾಯಿ ಬಿಟ್ಟು ಹೇಳದೆಯೂ ಕಲಿಯುತ್ತಾಳೆ, ಮತ್ತು ಮರೆಯುವುದಿಲ್ಲ. ಆದ್ದರಿಂದ ಮೊದಲ ಮಾತು: ಮಗನಿಗಾಗಿ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತೀರೋ ಅಷ್ಟನ್ನೇ ಮಗಳಿಗಾಗಿಯೂ ತೆಗೆದಿಡಲು ಆಗುತ್ತದೆಯೇ ಎಂದು ಯಜಮಾನರ ಜೊತೆ ಕೂತು ಲೆಕ್ಕ ಹಾಕಿ. ಅವರ ಕೆಲಸವೇ ಲೆಕ್ಕ ಬರೆಯುವುದು, ಈ ಲೆಕ್ಕವೂ ಅವರಿಗೆ ಅರ್ಥವಾಗುತ್ತದೆ. ಆಗುವುದಿಲ್ಲ ಎಂದಾದರೆ ಈ ಖರ್ಚು ನಿಮ್ಮ ಮನೆಗೆ ಮೀರಿದ್ದು ಎಂದೇ ತಿಳಿಯಿರಿ.

ಜೂನಿಗೆ ಅವಳು ಐದಕ್ಕೆ ಬರುತ್ತಾಳೆ. ಅವಳ ಮುಂದಿನ ದಾರಿಯ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ, ನಿಮ್ಮ ಶಾಲೆ ಐದಕ್ಕೇ ಮುಗಿಯುತ್ತದೆ. ನವೋದಯದ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆಯುವುದು ಐದರಲ್ಲಿರುವಾಗಲೇ. ಅಲ್ಲಿನ ನೂರರಲ್ಲಿ 75 ಸೀಟು ಗ್ರಾಮೀಣ ಮಕ್ಕಳಿಗೆ, ಅದೂ ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿದವರಿಗೆ. ಅವಳನ್ನು ಅವಸರದಲ್ಲಿ ಪಟ್ಟಣಕ್ಕೆ ಹಾಕಿದರೆ ಈ ಅವಕಾಶ ಕೈತಪ್ಪುತ್ತದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ಊಟ, ವಸತಿ, ಪಾಠ ಯಾವುದಕ್ಕೂ ಫೀಸಿಲ್ಲ. ಅರ್ಜಿಯ ದಿನಾಂಕಗಳನ್ನು ಮೇಷ್ಟ್ರನ್ನು ಕೇಳಿ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ ಮಗುವನ್ನು ಪಕ್ಕ ಕೂರಿಸಿಕೊಂಡು ‘ನಿನಗೆ ಇದು, ಇದಕ್ಕೆ ನಾವು ಇಷ್ಟು ಮಾಡುತ್ತೇವೆ’ ಎಂದು ಹೇಳಿ.

ಈಗ ಶಾಲೆಯ ಮಾತು. ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ ಮಾತ್ರಕ್ಕೆ ಕಲಿಕೆ ದುಪ್ಪಟ್ಟಾಗುತ್ತದೆ ಎಂಬ ನಂಬಿಕೆಗೆ ಬುಡ ಗಟ್ಟಿಯಿಲ್ಲ. 2008ರಲ್ಲಿ ಅವಿಭಜಿತ ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸಿ, ಅವರ ಖಾಸಗಿ ಶಾಲೆಯ ಫೀಸನ್ನು ಯೋಜನೆಯಿಂದಲೇ ಕಟ್ಟಿದರು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಾಲ್ಕು ವರ್ಷ ಬಿಟ್ಟು ನೋಡಿದಾಗ ತೆಲುಗಿನಲ್ಲಿ, ಗಣಿತದಲ್ಲಿ ಎರಡು ಗುಂಪಿನ ಮಕ್ಕಳೂ ಒಂದೇ ಮಟ್ಟದಲ್ಲಿದ್ದರು. ಖಾಸಗಿ ಶಾಲೆಗೆ ಹೋದವರು ಬಹಳ ಮುಂದಿದ್ದದ್ದು ಹಿಂದಿಯಲ್ಲಿ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಖಾಸಗಿ ಶಾಲೆಗಳು ಸರ್ಕಾರ ಒಂದು ಮಗುವಿಗೆ ಖರ್ಚು ಮಾಡುವುದರ ಮೂರನೇ ಒಂದು ಪಾಲಿಗಿಂತ ಕಡಿಮೆಯಲ್ಲಿ ಅಷ್ಟನ್ನು ಮಾಡಿದ್ದವು, ತೆಲುಗು ಗಣಿತಗಳಿಗೆ ಕಡಿಮೆ ಹೊತ್ತು ಕೊಟ್ಟೂ ಸರಿಸಮ ಬಂದಿದ್ದವು. ಸಣ್ಣ ಊರಿನ ಖಾಸಗಿ ಶಾಲೆಯವರೆಲ್ಲ ಲೂಟಿಕೋರರು ಎಂದು ನಾನು ಹೇಳಲಾರೆ.

ಹಾಗಾದರೆ ಕೆಡುಕು ಎಲ್ಲಿದೆ? ನೀವು ಎಸ್‌ಡಿಎಂಸಿಯಲ್ಲಿ ಇರುವುದರಿಂದ ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಊರಿನಲ್ಲಿ ಮಾತಾಡಬಲ್ಲವರು, ಅರ್ಜಿ ಬರೆಯಬಲ್ಲವರು, ಬಿಇಒ ಆಫೀಸಿಗೆ ಹೋಗಿ ‘ಯಾಕೆ ಸ್ವಾಮಿ ಮೇಷ್ಟ್ರು ಬಂದಿಲ್ಲ’ ಎಂದು ಕೇಳಬಲ್ಲವರು ಮೊದಲು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅವರ ಹಿಂದೆ ಅವರ ಮಾತೂ ಹೋಗುತ್ತದೆ. ಉಳಿಯುವವರು ದಿನಗೂಲಿ ಬಿಟ್ಟು ಮೀಟಿಂಗಿಗೆ ಬರಲಾಗದವರು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಲೇಬೇಕು. ಆದರೂ ರಾಜ್ಯದಲ್ಲಿ ಏಕೋಪಾಧ್ಯಾಯ ಶಾಲೆಗಳು ಸಾವಿರಾರಿವೆ. ಇದ್ದ ಇಬ್ಬರಲ್ಲಿ ಒಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದ ದಿನ ಐದೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಒಬ್ಬರೆದುರು ಕೂರುತ್ತಾರೆ. ಅದನ್ನು ನೋಡಿ ಇನ್ನಿಬ್ಬರು ಬಿಡಿಸುತ್ತಾರೆ. ಹೀಗೆ ಸಂಖ್ಯೆ ಕರಗುತ್ತದೆ, ಕೊನೆಗೆ ‘ವಿಲೀನ’ ಎಂಬ ಆದೇಶ ಬರುತ್ತದೆ. ಎಲ್ಲ ವರ್ಗದ ಮಕ್ಕಳೂ ತಮ್ಮ ನೆರೆಯ ಒಂದೇ ಶಾಲೆಯಲ್ಲಿ ಓದಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಶಿಫಾರಸು ಮಾಡಿತ್ತು. ಅದನ್ನು ಕಡತದಲ್ಲಿಟ್ಟು ಮರೆತವರು ಆಳಿದವರು, ನೀವಲ್ಲ.

ದೂರವಾದ ಶ್ರೀಮಂತರ ಮಕ್ಕಳಿಗೂ ಇದರಿಂದ ನಷ್ಟವಿದೆ. ದೆಹಲಿಯ ದೊಡ್ಡ ಖಾಸಗಿ ಶಾಲೆಗಳು 2007ರಿಂದ ಬಡ ಮಕ್ಕಳನ್ನೂ ಸೇರಿಸಿಕೊಳ್ಳಬೇಕಾಗಿ ಬಂದಾಗ ಏನಾಯಿತೆಂದು ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞ ಅಧ್ಯಯನ ಮಾಡಿದರು. ಬಡ ಸಹಪಾಠಿಗಳ ಜೊತೆ ಕೂತು ಓದಿದ ಸಿರಿವಂತ ಮಕ್ಕಳಲ್ಲಿ ಕೊಡುವ ಗುಣ ಹೆಚ್ಚಿತ್ತು, ಬಡವರನ್ನು ದೂರ ಇಡುವ ಬುದ್ಧಿ ಕಡಿಮೆಯಾಗಿತ್ತು. ಇಂಗ್ಲಿಷ್ ಅಂಕಗಳು ತುಸು ಇಳಿದದ್ದು ಬಿಟ್ಟರೆ ಓದಿಗೆ ಧಕ್ಕೆ ಬಂದಿರಲಿಲ್ಲ. ನಮ್ಮ ರಾಜ್ಯದಲ್ಲೂ ಆರ್‌ಟಿಇ ಸೀಟುಗಳ ಮೂಲಕ ಹೀಗೆ ಬೆರೆಯುವ ಒಂದು ಬಾಗಿಲು ತೆರೆದಿತ್ತು. ಖಾಸಗಿ ಶಾಲೆಗಳ ಶೇ 25 ಸೀಟು ಬಡ ಮಕ್ಕಳಿಗೆ ಸಿಗುತ್ತಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಕೊಡಬೇಕಿಲ್ಲ ಎಂದು ಸರ್ಕಾರ ನಿಯಮ ಬದಲಿಸಿತು. 2019ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಉಳಿಸಲು ಎಂದು ಕಾರಣ ಕೊಟ್ಟರು. ಕಾಸಿದ್ದವರು ಹೋಗುವುದನ್ನು ಆ ತಿದ್ದುಪಡಿ ತಡೆಯಲಿಲ್ಲ, ಕಾಸಿಲ್ಲದವರಿಗೆ ಮಾತ್ರ ಬಾಗಿಲು ಹಾಕಿತು. ಇದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ನನ್ನನ್ನು ಕೇಳಿದರೆ, ಈ ವರ್ಷ ಮಗನನ್ನು ವ್ಯಾನ್ ಹತ್ತಿಸಬೇಡಿ. ನಾಲ್ಕು ವರ್ಷದ ಮಗು ಬೆಳಿಗ್ಗೆ ನಿದ್ದೆಗಣ್ಣಲ್ಲಿ ಹೊರಟು, ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಪದ್ಯ ಬಾಯಿಪಾಠ ಮಾಡಿ ಬರುವುದಕ್ಕೆ ಸಾಲ ಮಾಡುವಷ್ಟು ಬೆಲೆಯಿಲ್ಲ. ಆ ವಯಸ್ಸಿಗೆ ಬೇಕಾದದ್ದು ಆಟ, ಕತೆ, ಮಾತು. ಅಂಗನವಾಡಿಗೆ ಕಳಿಸಿ, ಮನೆಯಲ್ಲಿ ಅಕ್ಕ ಓದಿ ಹೇಳಲಿ. ಸಿಗುವ ಈ ಸಮಯದಲ್ಲಿ ನೀವೂ ಯಜಮಾನರೂ ಎರಡೂ ಶಾಲೆಯನ್ನು ಕಣ್ಣಾರೆ ನೋಡಿ. ಪಟ್ಟಣದ ಶಾಲೆಗೆ ವಾರ್ಷಿಕೋತ್ಸವದ ದಿನ ಹೋಗಬೇಡಿ, ಒಂದು ಸಾಧಾರಣ ಬುಧವಾರ ಹೋಗಿ. ಎರಡನೇ ತರಗತಿಯ ಮಗುವಿನ ಕೈಗೆ ಅದು ನೋಡಿರದ ಪುಸ್ತಕ ಕೊಟ್ಟು ಓದಿಸಿ. ಟೀಚರ್ ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ಆರೇಳು ಸಾವಿರ ಸಂಬಳಕ್ಕೆ ದುಡಿಯುವವರು ಇನ್ನೊಂದು ಕೆಲಸ ಸಿಕ್ಕಿದ ಕೂಡಲೇ ಹೋಗುತ್ತಾರೆ, ಮಕ್ಕಳಿಗೆ ವರ್ಷಕ್ಕೊಬ್ಬರು ಹೊಸಬರು. ಇದೇ ಪರೀಕ್ಷೆಯನ್ನು ನಿಮ್ಮೂರ ಶಾಲೆಯಲ್ಲೂ ಮಾಡಿ, ಅಧ್ಯಕ್ಷೆ ಎಂಬ ಮುಲಾಜು ಬೇಡ.

ಅಲ್ಲಿ ಮಕ್ಕಳು ಓದಲಾರದೆ ತಡವರಿಸಿದರೆ, ಎರಡು ವರ್ಷ ಕೇಳಿ ಬೇಡಿದರೂ ಏನೂ ಸರಿಹೋಗದಿದ್ದರೆ, ಒಂದನೇ ತರಗತಿಗೆ ಮಗನನ್ನು ಬೇರೆ ಕಡೆ ಸೇರಿಸಿ. ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಒಂದು ಮಗುವಿನ ಬಾಲ್ಯವನ್ನು ತತ್ವಕ್ಕಾಗಿ ಬಲಿ ಕೊಡಿ ಎಂದು ನಾನು ಯಾವ ತಾಯಿಗೂ ಹೇಳುವುದಿಲ್ಲ. ಆಗ ಮಾಡಬೇಕಾದದ್ದು ಒಂದೇ: ಹೋದ ವರ್ಷ ನೀವು ಯಾರ ಯಾರ ಮನೆ ಬಾಗಿಲಿಗೆ ಹೋಗಿದ್ದಿರೋ ಆ ತಾಯಂದಿರಿಗೆ ನೀವೇ ಹೋಗಿ ಕಾರಣ ಹೇಳಿ. ವ್ಯಾನ್ ನೋಡಿ ಅವರಿಗೆ ಗೊತ್ತಾಗುವುದು ಬೇಡ.

ಯಜಮಾನರ ಆತಂಕವನ್ನೂ ತಳ್ಳಿಹಾಕಬೇಡಿ. ಇಂಗ್ಲಿಷ್ ಬಾರದೆ ಕಾಲೇಜಿನಲ್ಲಿ ಮೂಲೆ ಸೇರಿದ ಹಳ್ಳಿ ಹುಡುಗರನ್ನು ಎಲ್ಲರೂ ನೋಡಿದ್ದೇವೆ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ನಿಮ್ಮಲ್ಲಿ ಅದನ್ನು ಯಾರು, ವಾರಕ್ಕೆ ಎಷ್ಟು ಪೀರಿಯಡ್, ಹೇಗೆ ಹೇಳಿಕೊಡುತ್ತಿದ್ದಾರೆ? ಇದನ್ನು ಕೇಳುವ ಅಧಿಕಾರ ಎಸ್‌ಡಿಎಂಸಿಗೆ ಇದೆ. ಇನ್ನೊಂದು ಮುಖ್ಯ ಸಂಗತಿ: ನಿಮ್ಮಂಥ ಊರುಗಳಲ್ಲಿ ಮಕ್ಕಳು ಕೈತಪ್ಪುವುದು ಒಂದನೇ ತರಗತಿಗೂ ಮುಂಚೆ, ಎಲ್‌ಕೆಜಿ ಹಂತದಲ್ಲಿ. ನಾಲ್ಕರ ವಯಸ್ಸಿಗೆ ವ್ಯಾನ್ ಹತ್ತಿದ ಮಗು ಆರಕ್ಕೆ ವಾಪಸು ಬರುವುದು ಅಪರೂಪ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ ಇದೆ, ನಿಮ್ಮ ಸಣ್ಣ ಶಾಲೆಗೆ ಅದು ಇವತ್ತೇ ಬರಲಿಕ್ಕಿಲ್ಲ. ಆದರೆ ಅಂಗನವಾಡಿಯನ್ನು ಶಾಲೆಯ ಆವರಣದಲ್ಲೇ ನಡೆಸಿ ಎಂದು ಪಂಚಾಯಿತಿಯನ್ನು ಕೇಳಬಹುದು. ಒಬ್ಬ ಅತಿಥಿ ಶಿಕ್ಷಕರು ಬೇಕೆಂದು ಸಿಆರ್‌ಪಿಯವರ ಮೂಲಕ ಬಿಇಒಗೆ ಬರೆಯಬಹುದು. ಅರ್ಜಿಯ ಮೇಲೆ 23 ಮಕ್ಕಳ ತಂದೆತಾಯಂದಿರೆಲ್ಲರ ಸಹಿ ಇರಲಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿ ನಿಮ್ಮ ಬಳಿ ಇರಲಿ. ನಿಮ್ಮಣ್ಣನಿಗೂ ಹೇಳಿ, ಬೈದದ್ದು ಸಾಕು, ಅರ್ಜಿಯ ಕರಡು ಬರೆದುಕೊಡಲಿ, ತಿಂಗಳಿಗೊಮ್ಮೆ ಬಂದು ಮಕ್ಕಳಿಗೆ ಪಾಠ ಹೇಳಲಿ.

ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು, ಅರ್ಧದಷ್ಟು ಹೆಂಗಸರು ಇರಬೇಕು ಎಂದು ಕಾನೂನು ಹೇಳುತ್ತದೆ. ಮಗ ಎಲ್ಲಿಗೇ ಹೋಗಲಿ, ಮಗಳು ಐದನೇ ತರಗತಿ ಮುಗಿಸುವವರೆಗೆ ನೀವು ಆ ಶಾಲೆಯ ತಾಯಿಯೇ, ಸಮಿತಿಯಲ್ಲಿ ನಿಮ್ಮ ಜಾಗಕ್ಕೆ ಕುತ್ತಿಲ್ಲ. ಜೂನ್ ತಿಂಗಳ ಸಭೆಯ ನೋಟಿಸಿನಲ್ಲಿ ಅಂಗನವಾಡಿ, ಅತಿಥಿ ಶಿಕ್ಷಕರು, ಇಂಗ್ಲಿಷ್ ಪಾಠ ಈ ಮೂರನ್ನೂ ಬರೆಸಿ. ಕೂಲಿಗೆ ಹೋಗುವ ತಾಯಂದಿರೂ ಬರುವಂತೆ ಸಭೆಯನ್ನು ಸಂಜೆ ಆರರ ಮೇಲೆ ಇಟ್ಟುಕೊಳ್ಳಿ.