ಶಾಲೆಯ ಪೂಜೆ, ಮನೆಯ ದೀಪ

ಪ್ರಶ್ನೆ: ಮೇಡಂ, ಈಚೆಗೆ ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿಯಾಗಿ ಬಂದಿದ್ದೇನೆ. ಇಲ್ಲಿ ಪ್ರತಿ ಶುಕ್ರವಾರ ಶಾರದಾ ಪೂಜೆ. ಖರ್ಚಿಗೆ ಮಕ್ಕಳೇ ತಲಾ 5 ರೂಪಾಯಿ ತರಬೇಕು. ಒಂಬತ್ತನೇ ತರಗತಿಯ ಕ್ರೈಸ್ತ ಹುಡುಗಿಯೊಬ್ಬಳು ಮಂಗಳಾರತಿ ಮುಗಿಯುವವರೆಗೂ ಜಗಲಿಯಲ್ಲಿ ನಿಂತಿರುತ್ತಾಳೆ. ಪೂಜೆ ನಿಲ್ಲಿಸಿದರೆ ದೇವರಿಗೆ ಅಪಚಾರವಾದೀತೆಂಬ ಭಯ. ನಾನು ದೀಪ ಹಚ್ಚದೆ ನೀರೂ ಕುಡಿಯುವವಳಲ್ಲ. ‘ಇಷ್ಟು ಪೂಜೆ ಮಾಡುವ ನೀವು ಜಾತ್ಯತೀತರಾಗುವುದು ಹೇಗೆ?’ ಎಂದು ಸಹೋದ್ಯೋಗಿಯೊಬ್ಬರು ಕೇಳುತ್ತಾರೆ.

ಉತ್ತರ: ಸಹೋದ್ಯೋಗಿಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸಂವಿಧಾನದ 25ನೇ ವಿಧಿ ನಿಮ್ಮ ಶ್ರದ್ಧೆಯನ್ನೂ ಕಾಯುತ್ತದೆ. ಮನೆಯ ದೀಪ ಎಂದಿನಂತೆ ಉರಿಯಲಿ. ನಿಮ್ಮ ಮಕ್ಕಳಲ್ಲಿ ಯಾರಾದರೂ ಪೂಜೆಗೆ ಬರಲೊಲ್ಲೆ ಎಂದರೆ ಅಲ್ಲಿಯೂ ಒತ್ತಾಯ ಬೇಡ, ಅಷ್ಟೆ.

ಶಾಲೆಯ ಮಾತು ಬೇರೆ. ಮನೆಯ ಪೂಜೆಗೆ ನೆರೆಯವರು ಬರದಿದ್ದರೆ ಅವರಿಗೇನೂ ನಷ್ಟವಿಲ್ಲ. ಆ ಹುಡುಗಿಯ ಹಾಜರಿ, ಅಂಕಪಟ್ಟಿ, ಟಿ.ಸಿ. ಎಲ್ಲದಕ್ಕೂ ನಿಮ್ಮ ಸಹಿ ಬೇಕು. ‘ಬಲವಂತವಿಲ್ಲ, ಇಷ್ಟವಿದ್ದವರು ಬರಲಿ’ ಎನ್ನುವುದು ದೊಡ್ಡವರ ನಡುವೆ ನಡೆದೀತು. ಹದಿನಾಲ್ಕರ ಮಗು ಹೆಡ್ ಮೇಡಂ ಎದುರು ಬೇಡವೆನ್ನಲು ಎಷ್ಟು ಧೈರ್ಯ ಬೇಕು! ಒಳಗೆ ಕೈಮುಗಿದು ನಿಂತವರಲ್ಲೂ ಮನಸ್ಸಿಲ್ಲದವರು ಇದ್ದಾರು. ಅವರು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಪೂಜೆಗೆ ಹಾಜರಾಗು ಎನ್ನುವಂತಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು, ಶಾಲೆಯಿಂದ ಹೊರಹಾಕಿದ್ದರು. ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು 1986ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ರಾಷ್ಟ್ರಗೀತೆಯ ವಿಷಯದಲ್ಲೇ ಮಗುವಿನ ಅಂತಃಸಾಕ್ಷಿಗೆ ಅಷ್ಟು ಬೆಲೆಯಿರುವಾಗ ಮಂಗಳಾರತಿಯ ವಿಷಯದಲ್ಲಿ ಇನ್ನೆಷ್ಟಿರಬೇಕು?

ನಿಮ್ಮ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಶುಕ್ರವಾರ ಸಂಜೆ ಮನೆಯಲ್ಲಿ ಶಾರದೆಗೆ ಮನಸಾರೆ ಪೂಜೆ ಮಾಡಿ. ಐದು ರೂಪಾಯಿ ವಸೂಲಿ ಮಾತ್ರ ಈ ವಾರವೇ ನಿಲ್ಲಲಿ. ಪೂಜೆಯ ವಿಷಯವನ್ನು ಎಸ್‌ಡಿಎಂಸಿ ಸಭೆಯ ಮುಂದಿಟ್ಟು, ಶಾಲೆಯ ಹೆಸರಿನಲ್ಲಿ ಇನ್ನು ಬೇಡವೆಂದು ನೀವೇ ಹೇಳಿ. ‘ಆ ಹುಡುಗಿಗಾಗಿ’ ಎಂಬ ಮಾತು ಮಾತ್ರ ಎಲ್ಲಿಯೂ ಬರಕೂಡದು; ಬಂದರೆ ಊರಿನ ಸಿಟ್ಟೆಲ್ಲ ಅವಳ ಮನೆಯ ಮೇಲೆ ತಿರುಗುತ್ತದೆ. ಶುಕ್ರವಾರದ ಆ ಹೊತ್ತಿನಲ್ಲಿ ಮಕ್ಕಳು ಕತೆ ಓದಲಿ, ಹಾಡಲಿ. ಪುರಿ-ಕಡಲೆ ಹಂಚುವುದನ್ನು ಬಿಡಬೇಡಿ, ಮಕ್ಕಳು ಅದಕ್ಕೇ ಕಾಯುತ್ತಿರುತ್ತಾರೆ. ಊರವರು ಬಂದು ಕೂಗಾಡಿದರೆ ನಿಯಮ ತಿಳಿಸಿ, ಬಿಇಒ ಅವರಿಗೂ ಒಂದು ಪತ್ರ ಬರೆದು ಪ್ರತಿ ಇಟ್ಟುಕೊಳ್ಳಿ.