ಬೈಪಾಸ್ ಆದಮೇಲೆ ಅಂಗಡಿಗೆ ದಾರಿ: ಗೂಗಲ್‌ನಲ್ಲಿ ಕಣ್ಣಿಗೆ ಬೀಳಲು ಒಂಬತ್ತು ಸೂತ್ರಗಳು

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥದ ಉದ್ಘಾಟನೆಯಾಯಿತು. ಕಾರುಗಳು ಚನ್ನಪಟ್ಟಣದ ಒಳಗೆ ಬರುವುದನ್ನು ಬಿಟ್ಟು ಹೊರಗಿನಿಂದಲೇ ಹಾದುಹೋಗತೊಡಗಿದವು. ಹಳೆಯ ರಸ್ತೆಯ ಬದಿಯಲ್ಲಿ ಬಣ್ಣದ ಗೊಂಬೆ ತೂಗುಹಾಕಿಕೊಂಡು ಕೂತಿದ್ದ ಅಂಗಡಿಗಳಿಗೆ ಅಲ್ಲಿಯವರೆಗೆ ಜಾಹೀರಾತೇ ಬೇಕಿರಲಿಲ್ಲ. ಕಾರಿನ ಕಿಟಕಿಯಿಂದ ಕಂಡ ಮರದ ಕುದುರೆಗೆ ಮಗು ಹಟ ಹಿಡಿದರೆ ವ್ಯಾಪಾರ ಆದಂತೆಯೇ. ಈಗ ಆ ಮಗುವಿನ ತಾಯಿ ಫೋನಿನಲ್ಲಿ ಹುಡುಕುತ್ತಾಳೆ. ಅವಳ ಕಣ್ಣಿಗೆ ಯಾವ ಅಂಗಡಿ ಬೀಳುತ್ತದೆ ಎಂಬುದೇ ಪ್ರಶ್ನೆ.

“ವೆಬ್‌ಸೈಟ್ ಮಾಡ್ಸಿ ಎರಡು ವರ್ಷ ಆಯ್ತು ಸಾರ್, ಒಂದು ಫೋನೂ ಬಂದಿಲ್ಲ.” ಗೊಂಬೆ ಅಂಗಡಿಯವರಿಂದಲೂ, ಮಲೆನಾಡಿನ ಹೋಂಸ್ಟೇಯವರಿಂದಲೂ, ಇಳಕಲ್ ಸೀರೆ ಮಾರುವವರಿಂದಲೂ ನಾನು ಕೇಳಿದ ಮಾತಿದು. ಕೆಳಗಿನ ಸೂತ್ರಗಳಿಗೆ ಗೊಂಬೆ ಅಂಗಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಸರಕನ್ನು ಆ ಜಾಗದಲ್ಲಿಟ್ಟು ಓದಿಕೊಳ್ಳಿ.

1. ಗಿರಾಕಿ ಕೇಳಿದ್ದನ್ನೇ ಬರೆಯಿರಿ

“ಉತ್ಕೃಷ್ಟ ಗುಣಮಟ್ಟದ ಕರಕುಶಲ ವಸ್ತುಗಳ ವಿಶ್ವಾಸಾರ್ಹ ಮಳಿಗೆ” ಎಂದು ಯಾರೂ ಹುಡುಕುವುದಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ಹದಿನೈದು ದಿನ, ಬಂದವರು ಬಾಯಿಬಿಟ್ಟು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. “ಒಂದು ವರ್ಷದ ಮಗು ಬಾಯಿಗೆ ಹಾಕ್ಕೊಂಡ್ರೆ ಬಣ್ಣ ಬಿಡುತ್ತಾ?” “ನಾಮಕರಣಕ್ಕೆ ಐವತ್ತು ಪೀಸು ಬೇಕು, ಎಷ್ಟು ದಿನ ಆಗುತ್ತೆ?” “ಇದು ನಿಜವಾಗಲೂ ಚನ್ನಪಟ್ಟಣದ್ದೇನಾ, ಚೀನಾದ್ದಾ?” ಇವೇ ಪ್ರಶ್ನೆಗಳು ರಾತ್ರಿ ಹನ್ನೊಂದಕ್ಕೆ ಫೋನಿನಲ್ಲೂ ಬೀಳುತ್ತವೆ.

ಮುಖ್ಯವಾದ ಒಂದೊಂದು ಪ್ರಶ್ನೆಗೂ ಒಂದೊಂದು ಪುಟ ಮಾಡಿ. ಉತ್ತರ ಮೊದಲ ಎರಡು ಸಾಲಿನಲ್ಲೇ ಸಿಗಲಿ, ವಿವರ ಆಮೇಲೆ ಬರಲಿ: ಹಾಲೆ ಮರವನ್ನು ಎಷ್ಟು ಒಣಗಿಸುತ್ತೀರಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬಣ್ಣ ಹೇಗೆ ಕರಗಿ ಹಿಡಿಯುತ್ತದೆ, ಯಾವ ಬಣ್ಣ ಎಲ್ಲಿಂದ ಬರುತ್ತದೆ. ನಿಮಗೆ ಇದು ದಿನನಿತ್ಯದ ಸಂಗತಿ. ಬೇರೆ ನೂರು ಸೈಟುಗಳಲ್ಲಿ ಇದು ಇಲ್ಲದಿರುವುದರಿಂದಲೇ ಗೂಗಲ್‌ಗೆ ನಿಮ್ಮ ಪುಟ ಬೇಕಾಗುತ್ತದೆ. ಬೇರೆಯವರದನ್ನು ನಕಲು ಮಾಡಿದ, ಹುರುಳಿಲ್ಲದ ಪುಟಗಳನ್ನು ಕೆಳಕ್ಕೆ ತಳ್ಳುವ ಕೆಲಸವನ್ನು ಅದು 2011ರ ‘ಪಾಂಡಾ’ ಬದಲಾವಣೆಯಿಂದಲೇ ಗಂಭೀರವಾಗಿ ಶುರುಮಾಡಿತು.

2. ಕನ್ನಡ ಅಕ್ಷರ ನಿಜವಾಗಲೂ ಅಕ್ಷರವೇ ಆಗಿರಲಿ

ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗದ ಸಲಹೆ ಇದು. ನಮ್ಮ ಎಷ್ಟೋ ಸೈಟುಗಳಲ್ಲಿ ಕನ್ನಡ ಕಾಣಿಸುತ್ತದೆ, ಆದರೆ ಇರುವುದಿಲ್ಲ. ಡಿಟಿಪಿಯವರು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟದ್ದನ್ನು ಹಾಗೇ ಅಂಟಿಸಿರುತ್ತಾರೆ. ಇಲ್ಲವೇ ಹಬ್ಬದ ಪೋಸ್ಟರನ್ನು ಚಿತ್ರವಾಗಿ ಏರಿಸಿ, ಬೆಲೆ, ವಿಳಾಸ ಎಲ್ಲವನ್ನೂ ಅದರೊಳಗೇ ಹೂತಿರುತ್ತಾರೆ. ಮೊದಲನೆಯದು ಹುಡುಕಾಟದ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಎರಡನೆಯದರಲ್ಲಿ ಓದಲು ನೆಚ್ಚಬಹುದಾದ ಪಠ್ಯವೇ ಇಲ್ಲ.

ಪರೀಕ್ಷೆ ಸುಲಭ. ನಿಮ್ಮ ಪುಟದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ನೀವು ಗೆದ್ದಿರಿ. ಕಲಸುಮೇಲೋಗರ ಬಂದರೆ ಅಥವಾ ಕಾಪಿಯೇ ಆಗದಿದ್ದರೆ, ಎಸ್‌ಇಒ (ಹುಡುಕಾಟದಲ್ಲಿ ಮೇಲೆ ಬರುವ ಕಸರತ್ತು) ಮಾತು ಆಮೇಲೆ, ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ.

ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ. ಇದು ಭಾಷಾಭಿಮಾನದ ಪ್ರಶ್ನೆಯಲ್ಲ, ಬರಿಯ ಲೆಕ್ಕ. ವಿಳಾಸವನ್ನು ಕಾಪಿ ಮಾಡಿದಾಗ ಕನ್ನಡದ ಪ್ರತಿ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗಬಹುದು. ‘ಚನ್ನಪಟ್ಟಣ’ ಎಂಬ ಒಂದೇ ಪದ ಶೇಕಡಾ ಗುರುತುಗಳಿಂದ ತುಂಬಿದ 81 ಚಿಹ್ನೆಗಳ ಬಾಲವಾಗುತ್ತದೆ. ಅಂಥ ಲಿಂಕು ವಾಟ್ಸಾಪ್‌ನಲ್ಲಿ ಬಂದರೆ ನಮ್ಮಮ್ಮ ವೈರಸ್ ಎಂದು ಅಳಿಸಿಬಿಡುತ್ತಾರೆ.

ಕನ್ನಡ ಮಾತಾಡುವವರಲ್ಲೂ ಎಷ್ಟೋ ಮಂದಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಹುಡುಕುತ್ತಾರೆ. ಹಾಗಾಗಿ ಎರಡೂ ಭಾಷೆಗೆ ಬೇರೆ ಬೇರೆ ಪುಟ ಇರಲಿ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಇರಲಿ. ಯಂತ್ರದ ಅನುವಾದವನ್ನು ಹಾಗೇ ಸುರಿಯಬೇಡಿ. ಓದಿದವರು ನಗುತ್ತಾರೆ, ಕೊಳ್ಳುವುದಿಲ್ಲ.

3. ತಲೆಬರಹದಲ್ಲಿ ‘ಸುಸ್ವಾಗತ’ ಬೇಡ

ಹುಡುಕಾಟದ ಫಲಿತಾಂಶದಲ್ಲಿ ನೀಲಿಯಾಗಿ ಕಾಣುವ ಸಾಲು ನಿಮ್ಮ ಬೋರ್ಡು. ಅಲ್ಲಿ ‘ಹೋಮ್’ ಎಂದೋ ‘ಸುಸ್ವಾಗತ’ ಎಂದೋ ಇದ್ದರೆ ಬೋರ್ಡು ಖಾಲಿ ಇದ್ದಂತೆ. ಸರಕು ಮತ್ತು ಊರು ಮೊದಲು, ಅಂಗಡಿಯ ಹೆಸರು ಕೊನೆಗೆ. ಸಾಲು ಉದ್ದವಾದರೆ ಕತ್ತರಿಸಿ ಚುಕ್ಕಿ ಹಾಕುತ್ತಾರೆ, ಕನ್ನಡ ಅಕ್ಷರಗಳು ಜಾಗವನ್ನೂ ಹೆಚ್ಚು ತಿನ್ನುತ್ತವೆ. ‘ಮೆಟಾ ಕೀವರ್ಡ್ಸ್ ಹಾಕಿಕೊಡ್ತೀವಿ’ ಎಂದು ಯಾರಾದರೂ ದುಡ್ಡು ಕೇಳಿದರೆ ಟೀ ಕುಡಿಸಿ ಕಳಿಸಿ. ಪುಟದ ಕೋಡಿನಲ್ಲಿ ಅಡಗಿಸಿಡುವ ಆ ಪದಪಟ್ಟಿಯನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ.

4. ನಕ್ಷೆಯಲ್ಲಿ ನಿಮ್ಮ ಅಂಗಡಿ ಇದೆಯೇ?

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಬೈಪಾಸಿನಲ್ಲಿ ಹೋಗುವವನು ‘ಹತ್ತಿರದ ಗೊಂಬೆ ಅಂಗಡಿ’ ಎಂದು ಕೇಳಿದಾಗ ಉತ್ತರ ಬರುವುದು ಇಲ್ಲಿಂದಲೇ. ಹೆಸರು, ಫೋನ್, ವಿಳಾಸ ಎಲ್ಲ ಕಡೆ ಒಂದೇ ರೀತಿ ಇರಲಿ. ಬೈಪಾಸಿನಿಂದ ಎಲ್ಲಿ ಇಳಿದು ಬರಬೇಕು ಎಂಬುದನ್ನು ವಿವರಣೆಯಲ್ಲಿ ಬರೆಯಿರಿ. ಮಂಗಳವಾರ ರಜೆಯಾದರೆ ಅದನ್ನೂ ಹಾಕಿ. ಹತ್ತು ಕಿಲೋಮೀಟರ್ ಸುತ್ತಿ ಬಂದವನು ಮುಚ್ಚಿದ ಬಾಗಿಲು ಕಂಡರೆ ಕೊಡುವುದು ಒಂದೇ ನಕ್ಷತ್ರ.

ನಕ್ಷತ್ರಗಳನ್ನು ಕೊಳ್ಳಬೇಡಿ. ಬಂದವರನ್ನು “ಅಕ್ಕಾ, ಒಂದೆರಡು ಮಾತು ಬರೀರಿ” ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬೈದವರಿಗೂ ಸಮಾಧಾನವಾಗಿ ಉತ್ತರ ಕೊಡಿ, ಆ ಉತ್ತರವನ್ನು ಮುಂದಿನ ಗಿರಾಕಿ ಓದುತ್ತಾನೆ.

5. ಫೋಟೋ ಹಗುರ ಮಾಡಿ

ಫೋನಿನಲ್ಲಿ ತೆಗೆದ ನಾಲ್ಕೈದು ಎಂಬಿಯ ಚಿತ್ರಗಳನ್ನು ಹಾಗೇ ಏರಿಸಿದರೆ ಪುಟ ಎತ್ತಿನಗಾಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್‌ನ ಅಳತೆ. ಚಿತ್ರ ಕುಗ್ಗಿಸಿ, ವೆಬ್‌ಪಿ ರೂಪದಲ್ಲಿಡಿ, ಏನಿದೆ ಎಂಬುದನ್ನು ಆಲ್ಟ್ ಪಠ್ಯದಲ್ಲಿ ಬರೆಯಿರಿ. ಆಮೇಲೆ ಆಫೀಸಿನ ವೈಫೈ ಬಿಟ್ಟು, ಬಸ್ಸಿನಲ್ಲಿ ಕೂತು ನಿಮ್ಮದೇ ಸೈಟು ತೆರೆದು ನೋಡಿ.

6. ಬಾಗಿಲಿಗೆ ಬೀಗ ಹಾಕಿದೆಯೇ ನೋಡಿ

ಒಬ್ಬ ಪರಿಚಿತರ ಸೈಟು ಎಂಟು ತಿಂಗಳಾದರೂ ಗೂಗಲ್‌ನಲ್ಲಿ ಮೂಡಲಿಲ್ಲ. ನಾನೂ ಬರಹ ತಿದ್ದಿಸಿದೆ, ತಲೆಬರಹ ಬದಲಿಸಿದೆ, ದೊಡ್ಡ ಪಂಡಿತನಂತೆ ಏನೇನೋ ಸಲಹೆ ಕೊಟ್ಟೆ. ಕೊನೆಗೆ ಸಿಕ್ಕಿದ್ದು ವರ್ಡ್‌ಪ್ರೆಸ್ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಗುರುತು: ‘ಹುಡುಕಾಟದ ಯಂತ್ರಗಳು ಬರುವುದು ಬೇಡ’ ಎಂಬರ್ಥದ್ದು. ಕಟ್ಟುವಾಗ ಹಾಕಿದ್ದನ್ನು ಸೈಟು ಮಾಡಿದ ಹುಡುಗ ತೆಗೆಯುವುದನ್ನೇ ಮರೆತಿದ್ದ.

ಮೊದಲ ದಿನವೇ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಸೈಟನ್ನು ನೋಂದಾಯಿಸಿ, ನಿಮ್ಮ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಕೊಡಿ. ಅದೂ ಉಚಿತ. ಜನ ಯಾವ ಪದ ಹುಡುಕಿದಾಗ ನೀವು ಕಂಡಿರಿ, ಎಷ್ಟು ಮಂದಿ ಒತ್ತಿದರು ಎಂಬ ಲೆಕ್ಕ ಹದಿನಾರು ತಿಂಗಳಷ್ಟು ಅಲ್ಲಿರುತ್ತದೆ. ಸಾವಿರ ಸಲ ಕಂಡು ಮೂರು ಸಲ ಒತ್ತಿಸಿಕೊಂಡ ಪುಟ ಸಿಕ್ಕರೆ ಮೂರನೆಯ ಸೂತ್ರಕ್ಕೆ ವಾಪಸ್ ಹೋಗಿ. ಹಾಗೇ ಡೊಮೈನ್ ಯಾರ ಹೆಸರಿನಲ್ಲಿದೆ ಎಂದೂ ನೋಡಿಕೊಳ್ಳಿ. ಸೈಟು ಮಾಡಿದವರ ಹೆಸರಿನಲ್ಲಿದ್ದರೆ ಇವತ್ತೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಂಗಡಿಯ ಪತ್ರ ಬೇರೆಯವರ ಬೀರುವಿನಲ್ಲಿ ಇಡುತ್ತೀರಾ?

7. ಲಿಂಕುಗಳನ್ನು ಕೊಳ್ಳಬೇಡಿ

“ಐದು ಸಾವಿರ ರೂಪಾಯಿಗೆ ಐದು ಸಾವಿರ ಲಿಂಕು, ಮೂರು ವಾರದಲ್ಲಿ ನಂಬರ್ ಒನ್.” ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಲಿಂಕು ಹಾಕಿಸಿಕೊಡುವ ಇಂಥ ಫೋನು ನಿಮಗೂ ಬಂದಿರಬಹುದು. ನೀವು ಚಾಪೆಯ ಕೆಳಗೆ ತೂರಿದರೆ ಗೂಗಲ್ ರಂಗೋಲಿಯ ಕೆಳಗೆ ತೂರುತ್ತದೆ. ಅಮೆರಿಕದ ದೊಡ್ಡ ಮಳಿಗೆ ಜೆ.ಸಿ. ಪೆನ್ನಿ ಪರವಾಗಿ ಹೀಗೆ ಹಣ ಕೊಟ್ಟು ಹಾಕಿಸಿದ ಲಿಂಕುಗಳ ಸಂಗತಿ 2011ರಲ್ಲಿ ಪತ್ರಿಕೆಯಲ್ಲಿ ಬಂತು, ಮೇಲಿನ ಸ್ಥಾನಗಳಿಂದ ಅದು ಪಾತಾಳಕ್ಕೆ ಜಾರಿತು. ಮರುವರ್ಷವೇ ಗೂಗಲ್‌ನ ‘ಪೆಂಗ್ವಿನ್’ ಬದಲಾವಣೆ ಬಂದು ಇಂಥ ಸೈಟುಗಳನ್ನು ಸಾಲುಸಾಲಾಗಿ ಕೆಳಗಿಳಿಸಿತು.

ನಿಜವಾದ ಕೊಂಡಿಗಳು ನಿಧಾನ. ನಿಮ್ಮಿಂದ ಆಟಿಕೆ ಕೊಂಡ ಶಾಲೆ, ಕಾರ್ಯಾಗಾರ ನೋಡಿ ಬರೆದ ಪ್ರವಾಸಿ, ಮರ ಕಡೆಯುವುದನ್ನು ಚಿತ್ರೀಕರಿಸಿದ ಯೂಟ್ಯೂಬರ್, ಇವರು ಕೊಟ್ಟ ಒಂದೊಂದು ಲಿಂಕಿಗೂ ತೂಕವಿದೆ. ಅವರನ್ನು ಒಳಗೆ ಕರೆದು ಕೂರಿಸಿ ಪಟ್ಟಡಿ ತೋರಿಸಿ.

8. ಜಾಹೀರಾತು ಜಾತ್ರೆಯ ಮಳಿಗೆ

ಬಾಡಿಗೆ ಕೊಟ್ಟಷ್ಟು ದಿನ ವ್ಯಾಪಾರ, ನಿಂತ ಮರುದಿನ ಖಾಲಿ ಮೈದಾನ. ದುಡ್ಡು ಕೊಟ್ಟು ಜಾಹೀರಾತು ಹಾಕಿದರೆ ಉಚಿತ ಫಲಿತಾಂಶದಲ್ಲಿ ಮೇಲೇರುವುದೂ ಇಲ್ಲ, ಅವೆರಡೂ ಬೇರೆ ಲೆಕ್ಕ. ಹಾಕುವುದಾದರೆ ಹಬ್ಬಕ್ಕೆ ಮುನ್ನ ಮೂರು ವಾರ, ನೀವು ಕಳಿಸಬಲ್ಲ ಊರುಗಳಿಗೆ ಮಾತ್ರ. ‘ಉಚಿತ’, ‘ಕೆಲಸ ಖಾಲಿ’, ‘ಬಿಡಿಸುವುದು ಹೇಗೆ’ ಎಂದು ಹುಡುಕುವವರಿಗೆ ಕಾಣದಂತೆ ತಡೆಪದ ಹಾಕಿ. ಅವರು ಒತ್ತಿದ ಪ್ರತಿ ಸಲವೂ ನಿಮ್ಮ ಜೇಬಿನಿಂದ ಹೋಗುತ್ತದೆ.

9. ದಸರಾ ಪುಟವನ್ನು ಯುಗಾದಿಗೇ ಏರಿಸಿ

ಹೊಸ ಕೆಲಸದ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂದು ಗೂಗಲ್‌ನವರೇ ಹೇಳಿದ್ದುಂಟು. ನವರಾತ್ರಿಯ ಗೊಂಬೆಗೆ ಜನ ಸೆಪ್ಟೆಂಬರ್‌ನಲ್ಲಿ ಹುಡುಕುತ್ತಾರೆ, ನಮ್ಮವರು ಪುಟ ಮಾಡಿಸುವುದು ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ಪುಟದ ವಿಳಾಸದಲ್ಲಿ ಇಸವಿ ಹಾಕಬೇಡಿ. ಹಬ್ಬ ಮುಗಿದ ಮೇಲೆ ಅಳಿಸಲೂ ಬೇಡಿ. ವಿಜಯದಶಮಿಯ ಮಾರನೆಯ ದಿನ ಅದೇ ಪುಟದಲ್ಲಿ ಬೆಲೆಪಟ್ಟಿ ತೆಗೆದು, ಈ ಸಲ ಕೊಂಡವರ ಮನೆಯ ಗೊಂಬೆ ಸಾಲಿನ ಫೋಟೋಗಳನ್ನು ಅವರನ್ನು ಕೇಳಿ ಹಾಕಿ. ಮುಂದಿನ ವರ್ಷಕ್ಕೆ ಅದೇ ವಿಳಾಸ, ಹೊಸ ಬೆಲೆ.