ಛಾಯಾಚಿತ್ರದ ಬಾಳಿಕೆ: ಬೆಳಕಿನ ಪರೀಕ್ಷೆ

ಛಾಯಾಚಿತ್ರಕ್ಕೆ ಜನ್ಮವೀಯುವುದು ಬೆಳಕು. ಅದನ್ನು ಮಾಸಿಸುವುದೂ ಬೆಳಕೇ. ಸಭಾಂಗಣದ ಗೋಡೆಯ ಮೇಲಿನ ವರ್ಣಚಿತ್ರವು ದಿನದಿನಕ್ಕೂ ಬಣ್ಣಗುಂದುತ್ತಿದ್ದರೂ ನಿತ್ಯ ನೋಡುವ ಕಣ್ಣಿಗೆ ಅದು ಗೋಚರಿಸದು. ವರ್ಷಗಳ ತರುವಾಯ ಕಟ್ಟನ್ನು ಬಿಚ್ಚಿದಾಗ, ಚೌಕಟ್ಟಿನ ಮರೆಯಲ್ಲಿದ್ದ ಅಂಚು ಮಾತ್ರ ಗಾಢವಾಗಿ ಉಳಿದಿರುವುದು ಕಂಡುಬರುತ್ತದೆ. ಕಳೆದುಹೋದ ಬಣ್ಣ ಆ ಪ್ರತಿಗೆ ಮರಳಿ ಬಾರದು. ಆದುದರಿಂದಲೇ ಬಾಳಿಕೆಯನ್ನು ಮುಂಚಿತವಾಗಿ ಪರೀಕ್ಷಿಸುವ ಕ್ರಮ ಅವಶ್ಯವಾಯಿತು.

ಚಿತ್ರಗಳು ಮಾಸುವುದೇಕೆಂದು ವಿಚಾರಿಸಲು ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯು 1855ರಲ್ಲಿಯೇ ಸಮಿತಿಯೊಂದನ್ನು ನೇಮಿಸಿತ್ತು. ಅಂದಿನ ಬೆಳ್ಳಿಯ ಚಿತ್ರಗಳಲ್ಲಿ ತೊಳೆಯದೆ ಉಳಿದ ಹೈಪೋ ಮುಖ್ಯ ದೋಷವಾಗಿತ್ತು. ವರ್ಣಚಿತ್ರದ ಸ್ಥಿತಿ ಬೇರೆ. ಅದರಲ್ಲಿರುವ ಹಳದಿ, ಮಜೆಂಟಾ, ಸಯಾನ್ ಬಣ್ಣಗಳ ಅಣುಗಳು ಬೆಳಕನ್ನು ಹೀರಿ ಒಡೆಯುತ್ತವೆ. ಮೂರೂ ಒಂದೇ ವೇಗದಲ್ಲಿ ಕುಂದುವುದಿಲ್ಲವಾದ್ದರಿಂದ ಮುಖದ ವರ್ಣವೇ ವಿಕಾರಗೊಳ್ಳುತ್ತದೆ.

ಪ್ರಯೋಗಶಾಲೆಯಲ್ಲಿ ಬಣ್ಣದ ಪಟ್ಟಿಗಳ ಸಾಂದ್ರತೆಯನ್ನು ಡೆನ್ಸಿಟೋಮೀಟರಿನಿಂದ ಅಳೆದು, ಅವನ್ನು ಪ್ರಖರ ದೀಪದ ಕೆಳಗೆ ಇರಿಸಿ, ನಿಯತಕಾಲದಲ್ಲಿ ಪುನಃ ಅಳೆಯುತ್ತಾರೆ. ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು ಬಿದ್ದರೆ ವರ್ಷಕ್ಕೆ 19,71,000 ಲಕ್ಸ್-ಗಂಟೆಯಾಗುತ್ತದೆ. ಹಗಲಿರುಳು ಉರಿಯುವ 20,000 ಲಕ್ಸ್ ದೀಪವು ನಾಲ್ಕು ದಿನಗಳಿಗೆ ತುಸು ಮಿಕ್ಕಿದ ಅವಧಿಯಲ್ಲಿ ಅಷ್ಟನ್ನೇ ಸುರಿಸುತ್ತದೆ.

ಆದರೆ ಈ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಅಮೆರಿಕದ ಹೆನ್ರಿ ವಿಲ್ಹೆಲ್ಮ್ ತಮ್ಮ ಗಣನೆಗೆ 450 ಲಕ್ಸ್ ಆಧಾರವಾಗಿಟ್ಟುಕೊಂಡರು. ಕೊಡಾಕ್ ಸಂಸ್ಥೆಯು 120 ಲಕ್ಸ್ ಹಿಡಿಯಿತು. ಬೇರೆಲ್ಲವೂ ಸಮಾನವಾಗಿದ್ದರೂ ಇಷ್ಟರಿಂದಲೇ ಒಂದೇ ಚಿತ್ರದ ಆಯುಷ್ಯ 3.75 ಪಟ್ಟು ಹೆಚ್ಚಾಗಿ ತೋರುತ್ತದೆ. ಅಲ್ಲದೆ, ಮಂದ ಬೆಳಕಿನ ದೀರ್ಘಕಾಲದ ಪರಿಣಾಮವೂ ತೀವ್ರ ಬೆಳಕಿನ ಅಲ್ಪಕಾಲದ ಪರಿಣಾಮವೂ ಸದಾ ಸಮವಲ್ಲ. ನಿಧಾನವಾಗಿ ಬಿದ್ದ ಬೆಳಕು ಕೆಲವೊಮ್ಮೆ ಹೆಚ್ಚು ಹಾನಿ ಮಾಡುತ್ತದೆ. ಶಾಖ, ತೇವ, ಗಾಳಿಯಲ್ಲಿರುವ ಓಜೋನ್ ಸಹ ಇದರೊಡನೆ ಸೇರುತ್ತವೆ. ಹೀಗಾಗಿ 'ನೂರು ವರ್ಷ' ಎಂಬ ಮಾತು ಅಂದಾಜೇ ಹೊರತು ಭರವಸೆಯಲ್ಲ. ಎರಡು ಬಗೆಯ ಪ್ರತಿಗಳಲ್ಲಿ ಯಾವುದು ಮೇಲೆಂದು ಹೋಲಿಸುವುದೇ ಪರೀಕ್ಷೆಯ ನಿಜವಾದ ಪ್ರಯೋಜನ.

ಈ ಹೋಲಿಕೆ ಶಾಲೆಯಲ್ಲಿಯೂ ಸಾಧ್ಯ. ಬೇರೆ ಬೇರೆ ಕಾಗದ ಹಾಗೂ ಶಾಯಿಯ ಪ್ರತಿಗಳನ್ನು ತೆಗೆದುಕೊಂಡು, ಪ್ರತಿಯೊಂದರ ಅರ್ಧವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಗಾಜಿನ ಒಳಗಡೆ ಒಟ್ಟಿಗೆ ಇರಿಸಬೇಕು. ದಿನಾಂಕ ಬರೆದಿಟ್ಟು, ತಿಂಗಳಿಗೊಮ್ಮೆ ಮುಚ್ಚಿದ ಭಾಗದೊಡನೆ ತೆರೆದ ಭಾಗವನ್ನು ಹೋಲಿಸಬೇಕು.

ಫಲಿತಾಂಶವೇನೇ ಇರಲಿ, ಕರ್ತವ್ಯವೊಂದು ಸ್ಪಷ್ಟ: ಗೋಡೆಗೆ ಪ್ರತಿಯನ್ನು ತೂಗುಹಾಕಿ, ಮೂಲಚಿತ್ರವನ್ನು ತಂಪಾದ, ಒಣಗಿದ ಕತ್ತಲೆಯ ಸ್ಥಳದಲ್ಲಿ ಕಾಪಾಡುವುದು. ಹಿರಿಯರ ಮುಖಗಳನ್ನು ಮುಂದಿನವರಿಗೆ ಉಳಿಸುವ ಮಾರ್ಗವಿದು.